ಘಾಟಿ ಓಡಾಟಕ್ಕೆ ಕ್ರೌನ್-ಪಿನಿಯನ್ ಬದಲಿಸುವ ಮುಂಚೆ

ಆಗುಂಬೆ, ಹುಲಿಕಲ್ ಘಾಟಿಯಲ್ಲಿ ಲೋಡ್ ಹೊತ್ತು ಏರುವ ಜೀಪಿನವರು ಮೊದಲು ಈಗಿರುವ ರೇಷಿಯೋ (ಆಕ್ಸಲ್‌ನೊಳಗಿನ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರದ ಹಲ್ಲಿನ ಲೆಕ್ಕವನ್ನು, ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರದ ಲೆಕ್ಕದಿಂದ ಭಾಗಿಸಿದ್ದು) ತಿಳಿದುಕೊಳ್ಳಿ. ಮುಂದಿನ ಚಕ್ರಗಳಿಗೆ ಹಿಂದೆ-ಮುಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್‌ನಲ್ಲಿ ಹಿಂದಿನ ಒಂದೇ ಚಕ್ರವನ್ನು ಜಾಕ್ ಹಾಕಿ ಎತ್ತಿ. ಆ ಚಕ್ರ ಎರಡು ಸುತ್ತು ತಿರುಗಿದಾಗ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಬರುವ ಉದ್ದ ದಂಡ) ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ಗುರುತು ಎಷ್ಟು ಸುತ್ತು ಬರುತ್ತದೋ ಅದೇ ರೇಷಿಯೋ. ಕ್ರೌನ್ 37 ಹಲ್ಲು, ಪಿನಿಯನ್ 9 ಇದ್ದರೆ 4.11.

ಅದನ್ನು ತೆಗೆದು 39/8, ಅಂದರೆ 4.88 ಹಾಕಿದರೆ ಎಳೆತ ಶೇ 19ರ ಹತ್ತಿರ ಹೆಚ್ಚುತ್ತದೆ. ಆದರೆ 2000 ಆರ್‌ಪಿಎಂನಲ್ಲಿ ಹೋಗುತ್ತಿದ್ದ ವೇಗಕ್ಕೇ ಈಗ ಸುಮಾರು 2370 ಬೇಕು. ಶಿವಮೊಗ್ಗ–ಭದ್ರಾವತಿ ಸಮತಟ್ಟು ರಸ್ತೆಯಲ್ಲೇ ಹೆಚ್ಚು ಓಡಿಸುವವರಿಗೆ ಇದು ಡೀಸೆಲ್ ದಂಡ, ಬೇಡವೇ ಬೇಡ. ಶೇ 10ರಷ್ಟು ಎತ್ತರದ ಟೈರ್ ಹಾಕಿ ಎಳೆತ ಕಳೆದುಕೊಂಡವರಿಗೆ 41/9 (4.56) ಸಾಕು, ಗಾಡಿ ಹೆಚ್ಚುಕಡಿಮೆ ಮೊದಲಿನಂತೆಯೇ ಎಳೆಯುತ್ತದೆ.

ಫೋರ್‌ವೀಲ್ ಗಾಡಿಗೆ ಮುಂದಿನ ಆಕ್ಸಲ್‌ಗೂ ಅದೇ ರೇಷಿಯೋ ಕಡ್ಡಾಯ. ಇಲ್ಲದಿದ್ದರೆ ಫೋರ್‌ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್ ಒಂದಕ್ಕೊಂದು ಜಗ್ಗಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಾಳು. ಕ್ರೌನ್, ಪಿನಿಯನ್ ಬೇರೆಬೇರೆ ಕೊಳ್ಳಬೇಡಿ. ಎರಡರ ಮೇಲೂ ಒಂದೇ ಜೋಡಿ ನಂಬರ್ ಇರಲಿ. ಕ್ರೌನ್ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ತುದಿಗೋ ಬುಡಕ್ಕೋ ಬಿದ್ದರೆ ಪಿನಿಯನ್ ಶಿಮ್ (ಪಿನಿಯನ್ ಎಷ್ಟು ಒಳಗೆ ಕೂರಬೇಕೆಂದು ಹೊಂದಿಸುವ ತೆಳು ಬಿಲ್ಲೆ) ತಪ್ಪಿದೆ, ಗುಂಯ್‌ಗುಟ್ಟುವುದು ಖಂಡಿತ, ಬಿಚ್ಚಿಸಿ ಸರಿಮಾಡಿಸಿ.