ಹಳ್ಳಿಯ ಜಾನಪದ ನೃತ್ಯೋತ್ಸವಕ್ಕೆ ಹೋಗುವವರಿಗೆ

ಹೊರದೇಶದ ಜಾನಪದ ತಂಡಗಳು ದೊಡ್ಡ ನಗರದ ಸಭಾಂಗಣದಲ್ಲಷ್ಟೇ ಕುಣಿಯುತ್ತವೆ ಎಂದು ತಿಳಿಯಬೇಕಾಗಿಲ್ಲ. ಇಂತಹ ಉತ್ಸವಗಳನ್ನು ಒಗ್ಗೂಡಿಸುವ ಅಂತರರಾಷ್ಟ್ರೀಯ ಮಂಡಳಿಯಾದ ಸಿಯೋಫ್ ಸಹ 1970ರಲ್ಲಿ ಹುಟ್ಟಿದ್ದು ಫ್ರಾನ್ಸಿನ ಕಾನ್ಫೊಲಾನ್ ಎಂಬ ಸಣ್ಣ ಊರಿನಲ್ಲಿ. ನಮ್ಮ ಜಾನಪದ ವಿಶ್ವವಿದ್ಯಾಲಯ ಇರುವುದೂ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿಯೇ. ಹುಬ್ಬಳ್ಳಿ, ಗದಗ, ಹಾವೇರಿಯ ಸುತ್ತಲಿನ ಯಾವುದಾದರೂ ಹಳ್ಳಿಯಲ್ಲಿ ಇಂಥ ಉತ್ಸವ ನಡೆದಾಗ ಅದನ್ನು ನೋಡಲು ಹೋಗುವವರು ಮೊದಲು ಯೋಚಿಸಬೇಕಾದದ್ದು ಹೋಗುವ ದಾರಿಯನ್ನಲ್ಲ, ಮರಳುವ ದಾರಿಯನ್ನು. ಹಗಲಿನಲ್ಲಿ ಬಸ್ಸೋ ಟಂಟಂ ಗಾಡಿಯೋ ಸಿಕ್ಕೇ ಸಿಗುತ್ತದೆ, ಆದರೆ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಏನೂ ಇರುವುದಿಲ್ಲ. ಆ ಊರಿಗೆ ವಸ್ತಿ ಬಸ್ ಬರುತ್ತದೆಯೇ, ಬೆಳಗ್ಗೆ ಎಷ್ಟಕ್ಕೆ ಹೊರಡುತ್ತದೆ ಎಂದು ನಿಲ್ದಾಣದಲ್ಲಿ ಮೊದಲೇ ವಿಚಾರಿಸಿಕೊಂಡು, ರಾತ್ರಿ ಊರಿನಲ್ಲಿಯೇ ತಂಗುವ ಸಿದ್ಧತೆಯಿಂದ ಹೋಗುವುದು ಉತ್ತಮ. ಸುಗ್ಗಿಯ ನಂತರದ ದಿನಗಳಾದರೆ ಬಯಲಿನ ಚಳಿಗೆ ಒಂದು ಶಾಲು, ಕೂರಲು ಒಂದು ಚಾಪೆ ಜೊತೆಯಲ್ಲಿರಲಿ. ಊಟದ ಚಿಂತೆ ಬೇಡ. ಗಿರಮಿಟ್ಟು, ಮಿರ್ಚಿ ಮಾರುವವರು ಜನಕ್ಕಿಂತ ಮೊದಲೇ ಬಂದಿರುತ್ತಾರೆ.

ಆಮಂತ್ರಣ ಪತ್ರಿಕೆಯಲ್ಲಿ ಸಂಜೆ ಆರು ಗಂಟೆ ಎಂದಿದ್ದರೂ ಮಧ್ಯಾಹ್ನ ಮೂರಕ್ಕೇ ಊರು ಸೇರಬೇಕು, ಏಕೆಂದರೆ ಉತ್ಸವದ ನಿಜವಾದ ಸೊಗಸು ವೇದಿಕೆಯಲ್ಲಿಲ್ಲ, ಮೆರವಣಿಗೆಯಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಡೊಳ್ಳು, ಕರಡಿ ಮಜಲು, ಜಗ್ಗಲಿಗೆ ಇವೆಲ್ಲ ಓಣಿಗಾಗಿ, ಗುಡಿಯ ಮುಂದಿನ ಬಯಲಿಗಾಗಿ ಹುಟ್ಟಿದ ಕಲೆಗಳು. ಹುಬ್ಬಳ್ಳಿ ಬಳಿಯ ಬ್ಯಾಹಟ್ಟಿಯವರು ಚಕ್ಕಡಿ ಗಾಲಿಗೆ ಚರ್ಮ ಬಿಗಿದು ಮಾಡಿದ ಜಗ್ಗಲಿಗೆಯನ್ನು ನೆಲದ ಮೇಲೆ ಉರುಳಿಸುತ್ತ ಬಾರಿಸುವಾಗ, ಎರಡೂ ಬದಿಯ ಮನೆಗಳ ಗೋಡೆಗೆ ಬಡಿದು ಮರಳುವ ಆ ನಾದವನ್ನು ಧ್ವನಿವರ್ಧಕ ಕೊಡಲಾರದು. ಮೆರವಣಿಗೆ ಹೊರಡುವ ಜಾಗಕ್ಕೆ ಅರ್ಧ ಗಂಟೆ ಮುಂಚೆ ಹೋದರೆ ಹುಲ್ಲಿನ ಬೆಂಕಿಯಲ್ಲಿ ಹಲಗೆ ವಾದ್ಯ ಕಾಯಿಸುವುದನ್ನೂ ಡೊಳ್ಳಿನ ಹಗ್ಗ ಬಿಗಿಯುವುದನ್ನೂ ಹತ್ತಿರದಿಂದ ಕಾಣಬಹುದು. ಕಲಾವಿದರು ವಾದ್ಯಕ್ಕೆ ಪೂಜೆ ಸಲ್ಲಿಸುವವರಾದ್ದರಿಂದ ಚಪ್ಪಲಿ ಕಾಲಿನಲ್ಲಿ ಅದನ್ನು ದಾಟಬಾರದು, ಕೇಳದೆ ಮುಟ್ಟಲೂಬಾರದು. ಪುರವಂತರೆಂಬ ಕುಣಿತಗಾರರು ಒಡಪು ಎಂಬ ಸ್ತುತಿಯ ನುಡಿ ಹೇಳುವಾಗ ಕ್ಯಾಮೆರಾ ಹಿಡಿದು ಅಡ್ಡ ನುಗ್ಗುವುದು ತಪ್ಪು. ಭಕ್ತರಿಗೆ ಅದು ವೀರಭದ್ರನ ಸೇವೆ.

ಹೊರದೇಶದ ತಂಡಗಳನ್ನು ನೋಡುವಾಗಲೂ ಬಣ್ಣದ ಉಡುಪಿಗಿಂತ ವಾದ್ಯದವರ ಕಡೆಗೆ ಹೆಚ್ಚು ಗಮನ ಕೊಡಬೇಕು. ಉದಾಹರಣೆಗೆ ಬಲ್ಗೇರಿಯಾದ ತಂಡ ಬಂದಿದ್ದರೆ ಗೈದಾ ಎಂಬ ಚೀಲದ ಊದುವಾದ್ಯ ಕಾಣಸಿಗಬಹುದು. ಅದರ ಚೀಲ ಮೇಕೆಯ ಇಲ್ಲವೇ ಕುರಿಯ ಇಡೀ ಚರ್ಮದ್ದು. ಹಾಲುಮತದ ಕುರುಬರು ಆಡಿನ ಚರ್ಮ ಬಿಗಿದ ಡೊಳ್ಳನ್ನು ಬೀರಪ್ಪನ ಮುಂದೆ ಬಾರಿಸುವುದನ್ನು ಕಂಡವರಿಗೆ ಇದು ಅಪರಿಚಿತ ಎನಿಸದು. ಬಲ್ಗೇರಿಯಾದವರ ರಾಚೆನಿತ್ಸಾ ಎಂಬ ಕುಣಿತಕ್ಕೆ ತಾಳದ ಮಾತ್ರೆಗಳು ಏಳು; ಅವು ಎರಡು, ಎರಡು, ಮೂರರಂತೆ ಒಡೆದವು. ಧಾರವಾಡದ ಹಿಂದೂಸ್ತಾನಿ ಬೈಠಕ್ಕುಗಳಲ್ಲಿ ರೂಪಕ ತಾಳ ಕೇಳಿದವರು ಅದನ್ನು ಮೂರು, ಎರಡು, ಎರಡೆಂದು ಎಣಿಸಿ ರೂಢಿ. ಎಣಿಕೆಯನ್ನು ತುಸು ಜರುಗಿಸಿಕೊಂಡರೆ ಚಪ್ಪಾಳೆ ತಪ್ಪದೆ ಕೂಡುತ್ತದೆ. ಅವಸರದ ಗತಿಯಿಂದಾಗಿ ಮೊದಲ ಒಂದೆರಡು ಸುತ್ತು ತಪ್ಪುವುದು ಸಹಜ.

ರಾತ್ರಿಯ ವೇದಿಕೆ ಕಾರ್ಯಕ್ರಮದ ಆರಂಭದಲ್ಲಿ ಸನ್ಮಾನ, ಭಾಷಣಗಳು ನಡೆಯುತ್ತವೆ. ಅಷ್ಟರಲ್ಲಿ ಊಟ ಮುಗಿಸಿಕೊಳ್ಳಬಹುದು. ಮುಂದಿನ ಕುರ್ಚಿಗಳು ಗಣ್ಯರಿಗೆ ಮೀಸಲಾಗಿರುವುದರಿಂದ ವೇದಿಕೆಯ ಪಕ್ಕದಲ್ಲಿ, ವಾದ್ಯದವರು ಕೂರುವ ಬದಿಗೆ ಚಾಪೆ ಹಾಸಿಕೊಂಡರೆ ಹೆಜ್ಜೆಯೂ ತಾಳವೂ ಒಟ್ಟಿಗೆ ಸಿಗುತ್ತವೆ. ವಿದೇಶಿ ಕಲಾವಿದೆಯರನ್ನು ಸೆಲ್ಫಿಗಾಗಿ ಮುತ್ತಿಕೊಳ್ಳುವುದು, ಖಾರದ ಮಿರ್ಚಿಯನ್ನು ಎಚ್ಚರಿಸದೆ ತಿನ್ನಿಸಿ ನಗುವುದು ಅತಿಥಿಗೆ ಮಾಡುವ ಮರ್ಯಾದೆಯಲ್ಲ.

ಕೊನೆಯಲ್ಲಿ ಅನೇಕ ತಂಡಗಳು ಪ್ರೇಕ್ಷಕರನ್ನೂ ಕುಣಿಯಲು ಕರೆಯುತ್ತವೆ. ಲಂಬಾಣಿ ಮಹಿಳೆಯರು ವೃತ್ತವಾಗಿ ನಿಂತು ಚಪ್ಪಾಳೆ ತಟ್ಟಿ ಹಾಡುವಾಗ ಹೆಣ್ಣುಮಕ್ಕಳು ಅವರ ಪಕ್ಕದಲ್ಲಿ ನಿಂತು, ಬಗ್ಗುವ ಏಳುವ ಗತಿಯನ್ನು ಎರಡು ಸುತ್ತು ನೋಡಿ ಸೇರಿಕೊಳ್ಳಬಹುದು. ಬಲ್ಗೇರಿಯಾದಂತಹ ಬಾಲ್ಕನ್ ದೇಶಗಳ ಸಾಲುಕುಣಿತದಲ್ಲಿ ಮಾತ್ರ ಒಂದು ಕಟ್ಟಳೆಯಿದೆ: ಸಾಲಿನ ಮುಂದಾಳುವಿನ ಮುಂದೆ ಯಾರೂ ಹೋಗಿ ಕೈ ಹಿಡಿಯುವಂತಿಲ್ಲ, ಹೊಸಬರು ಬಾಲದ ಕಡೆಯಿಂದಲೇ ಸೇರಬೇಕು. ಹೆಜ್ಜೆ ತಿಳಿಯದಿದ್ದರೆ ಪಕ್ಕದವರ ಕಾಲನ್ನು ನೋಡುತ್ತ ಸುಮ್ಮನೆ ನಡೆದರೂ ಸಾಲು ಕೆಡುವುದಿಲ್ಲ, ನಿಂತುಬಿಟ್ಟರೆ ಕೆಡುತ್ತದೆ. ದಣಿವಾಗಿ ನಡುವಿನಿಂದ ಹೊರಬರುವಾಗ ಎಡಬಲದವರ ಕೈಗಳನ್ನು ಒಂದಕ್ಕೊಂದು ಕೂಡಿಸಿ ಹಿಂದೆ ಸರಿಯಬೇಕು.