ಮಗಳ ಕೂದಲಿಗೆ ಗುಂಗುರು: ಐರನ್ ಬೇಡ, ಹಳೇ ಪಂಚೆ ಸಾಕು

ಸ್ಕೂಲ್ ಡೇ ಬಂತೆಂದರೆ ಏಳೆಂಟು ವರ್ಷದ ಮಕ್ಕಳ ತಲೆಗೂ ಕರ್ಲಿಂಗ್ ಐರನ್ ಹಿಡಿಯುವ ಅಮ್ಮಂದಿರನ್ನು ಪ್ರತಿ ವರ್ಷ ನೋಡುತ್ತೇನೆ. ಅದರ ಬಿಸಿ ಸಲೀಸಾಗಿ 180 ಡಿಗ್ರಿ ದಾಟುತ್ತದೆ. ಮಗು ಸ್ವಲ್ಪ ಕತ್ತು ತಿರುಗಿಸಿದರೂ ಕಿವಿಗೆ ತಾಗುತ್ತದೆ. ಮಕ್ಕಳ ಕೂದಲು ತೆಳು, ಬೇಗ ಸುಟ್ಟು ಒರಟಾಗುತ್ತದೆ. ಹತ್ತು ವರ್ಷದೊಳಗಿನವರಿಗೆ ಐರನ್ ಬೇಡವೇ ಬೇಡ. ರಾತ್ರಿ ಬಟ್ಟೆ ಪಟ್ಟಿಯಲ್ಲಿ ಸುತ್ತಿ ಕಟ್ಟಿದರೆ ಬೆಳಗ್ಗೆ ಚೆಂದದ ಗುಂಗುರು ಸಿಗುತ್ತದೆ.

ಹಳೇ ಕಾಟನ್ ಪಂಚೆಯನ್ನು ಎರಡು ಬೆರಳು ಅಗಲ, ಒಂದೂವರೆ ಗೇಣು ಉದ್ದ ಹರಿದುಕೊಳ್ಳಿ. ಹನ್ನೆರಡು ಪಟ್ಟಿ ಇರಲಿ. ಪಾಲಿಯೆಸ್ಟರ್ ಜಾರುತ್ತದೆ, ನೀರನ್ನೂ ಹೀರುವುದಿಲ್ಲ. ವೆಲ್ಕ್ರೋ ಇರುವ ರೋಲರ್ ಅಂತೂ ಕೊಳ್ಳಲೇಬೇಡಿ. ಬಿಚ್ಚುವಾಗ ಕೂದಲು ಕಿತ್ತು ಬರುತ್ತದೆ.

ಸಂಜೆ ತಲೆ ತೊಳೆದು ಎಣ್ಣೆ ಜಿಡ್ಡು ಪೂರ್ತಿ ತೆಗೆಯಿರಿ. ಸೀಗೆಪುಡಿಯೂ ಆಗುತ್ತದೆ, ಶಾಂಪೂವೂ ಆಗುತ್ತದೆ. ಆಮೇಲೆ ಬಿಡಿಸಿ ಬಾಚಿ.

ಹೆಚ್ಚಿನವರು ಎಡವುವುದು ಇನ್ನು ಮುಂದೆ. ಕೂದಲಿಗೆ ನೀರು ತಾಗಿದಾಗ ಅದರ ಆಕಾರ ಹಿಡಿದಿಡುವ ಒಳಗಿನ ಹೈಡ್ರೋಜನ್ ಬಂಧಗಳು ಸಡಿಲವಾಗುತ್ತವೆ. ಒಣಗುವಾಗ ಕೂದಲು ಯಾವ ಆಕಾರದಲ್ಲಿರುತ್ತದೋ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಪೂರ್ತಿ ಒಣಗಿದ ಕೂದಲಿಗೆ ಸುರುಳಿ ಹಿಡಿಯುವುದಿಲ್ಲ. ತೊಯ್ದ ಕೂದಲನ್ನು ಸುತ್ತಿದರೆ ಬೆಳಗಾದರೂ ಒಳಗೆ ಹಸಿಯಾಗಿಯೇ ಇರುತ್ತದೆ, ಬಿಚ್ಚಿದ ಕೂಡಲೇ ಜೋತು ಬೀಳುತ್ತದೆ. ಮುಟ್ಟಿದರೆ ತಣ್ಣಗಿರಬೇಕು, ಹಿಂಡಿದರೆ ಬೆರಳು ಒದ್ದೆಯಾಗಬಾರದು. ಅದೇ ಹದ.

ಈಗ ಹೆಬ್ಬೆರಳಿನಷ್ಟು ದಪ್ಪದ ಒಂದು ಎಳೆ ತೆಗೆದುಕೊಳ್ಳಿ. ಪಟ್ಟಿಯ ನಡುಭಾಗವನ್ನು ಕೂದಲ ತುದಿಯ ಕೆಳಗಿಡಿ. ತುದಿಯನ್ನು ಬಟ್ಟೆಯ ಮೇಲೆ ಚಪ್ಪಟೆಯಾಗಿ ಹರಡಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಮೊದಲ ಸುತ್ತು ಹಾಕಿ. ಒಂದೇ ಒಂದು ಕೂದಲೂ ಹೊರಗೆ ಇಣುಕಬಾರದು. ತುದಿ ಮಡಚಿಕೊಂಡರೆ ಬೆಳಗ್ಗೆ ಅಲ್ಲಿ ಸೊಟ್ಟಗಾಗಿರುತ್ತದೆ, ಮತ್ತೆ ಒದ್ದೆ ಮಾಡದೆ ಸರಿಹೋಗುವುದಿಲ್ಲ. ಅವಸರ ಮಾಡದೆ ಬಿಚ್ಚಿ ಮತ್ತೆ ಸುತ್ತಿ. ಮೊದಲ ಸುತ್ತು ಸರಿ ಕೂತರೆ ಮಿಕ್ಕಿದ್ದು ಸುಲಭ. ಕಿವಿಯ ಮಟ್ಟದವರೆಗೆ ಸುತ್ತಿ, ಪಟ್ಟಿಯ ಎರಡು ತುದಿ ಸೇರಿಸಿ ಕುಣಿಕೆ ಗಂಟು ಹಾಕಿ. ನೆತ್ತಿಯವರೆಗೆ ಎಳೆದು ಬಿಗಿದರೆ ಬೇರು ನೋಯುತ್ತದೆ, ಮಗು ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. "ಎಳೀತಾ ಇದೆಯೇನೇ ಪುಟ್ಟಿ?" ಅಂತ ಪ್ರತಿ ಗಂಟಿಗೂ ಕೇಳಿ. ಹೂಂ ಅಂದರೆ ಸಡಿಲಿಸಿ.

ಕೂದಲು ತೀರಾ ನಯವಾಗಿದ್ದರೆ ಹೇರ್ ಸ್ಪ್ರೇ ಬದಲು ಅಗಸೆ ಲೋಳೆ ಬಳಸಿ. ಎರಡು ಚಮಚ ಅಗಸೆಬೀಜವನ್ನು ಎರಡು ಲೋಟ ನೀರಿಗೆ ಹಾಕಿ, ಮೊಟ್ಟೆಯ ಬಿಳಿಯಂತೆ ಆಗುವವರೆಗೆ ಕುದಿಸಿ. ಬಿಸಿ ಇರುವಾಗಲೇ ಸೋಸಿಬಿಡಿ, ಆರಿದರೆ ಸೋಸುವುದಕ್ಕೇ ಬರುವುದಿಲ್ಲ. ತಣಿದ ಮೇಲೆ ಸುತ್ತುವ ಮೊದಲು ಎಳೆಗೆ ತೆಳ್ಳಗೆ ಸವರಿ. ಅಗ್ಗದ ಸ್ಪ್ರೇಗಳ ಘಾಟು ಮಕ್ಕಳ ಮೂಗಿಗೆ, ಕಣ್ಣಿಗೆ ಒಳ್ಳೆಯದಲ್ಲ.

ಬೆಳಗ್ಗೆ ಒಂದು ಗಂಟು ಬಿಚ್ಚಿ ಮುಟ್ಟಿ ನೋಡಿ. ಹಸಿ ಇದ್ದರೆ ಹೇರ್ ಡ್ರೈಯರ್‌ನ ತಣ್ಣನೆಯ ಗಾಳಿ ಹಿಡಿಯಿರಿ. ಒಣಗಿದ್ದರೆ ಕತ್ತಿನ ಕಡೆಯಿಂದ ಮೇಲಕ್ಕೆ ಒಂದೊಂದೇ ಬಿಚ್ಚುತ್ತಾ ಬನ್ನಿ. ಬಾಚಣಿಗೆ ಮುಟ್ಟಬೇಡಿ, ಬೆರಳಲ್ಲೇ ಬಿಡಿಸಿ. ಬಾಚಿದರೆ ಸುರುಳಿ ಹೋಗಿ ಬರೀ ಕೆದರು ಉಳಿಯುತ್ತದೆ.

ಮಲ್ಲಿಗೆ ಮುಡಿಸುವುದಾದರೆ ಒಂದು ಮಾತು. ಹೂವಿನವರು ನೀರು ಚಿಮುಕಿಸಿರುತ್ತಾರೆ ಅಲ್ವಾ? ಚೆನ್ನಾಗಿ ಕೊಡವಿ, ನೆತ್ತಿಯ ಹತ್ತಿರ ಮುಡಿಸಿ. ನೀರು ಇಳಿದ ಕಡೆಯೆಲ್ಲ ಗುಂಗುರು ಬಿಚ್ಚಿಕೊಳ್ಳುತ್ತದೆ. ಮಂಗಳೂರು, ಉಡುಪಿ ಕಡೆ ಸೆಕೆಗೆ ಬೇಗ ಇಳಿಯುತ್ತದೆ. ಅಲ್ಲಿ ಎಳೆಗಳನ್ನು ಇನ್ನೂ ಸಣ್ಣದಾಗಿ ತೆಗೆದುಕೊಳ್ಳಿ, ಸ್ಟೇಜ್ ಹತ್ತುವ ಮುಂಚೆ ಬಿಚ್ಚಿದರೆ ಸಾಕು. ಕಾರ್ಯಕ್ರಮ ಮುಗಿದ ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ತುದಿಯಿಂದ ಶುರುಮಾಡಿ ನಿಧಾನವಾಗಿ ಸಿಕ್ಕು ಬಿಡಿಸಿ.