ಮಗಳ ಪಾಸ್‌ಪೋರ್ಟಿನಲ್ಲಿ ಹೊಸಹಳ್ಳಿ: ಕೊಲಂಬಿಯಾ ಕಾನ್ಸುಲೇಟಿನಲ್ಲಿ ನನ್ನ ಅನುಭವ

ನನ್ನ ಗಂಡ ಕೊಲಂಬಿಯಾದವರು, ಊರು ಬೊಗೊಟಾ. ನಾನು ಹಾಸನದ ಕಡೆಯವಳು. ಇಬ್ಬರೂ ಕೆಲಸದ ವೀಸಾದ ಮೇಲೆ ಲಂಡನ್ನಿನಲ್ಲಿದ್ದೇವೆ, ಮಗಳು ಇಲ್ಲೇ ಹುಟ್ಟಿದಳು. ಹಾಗಾದರೆ ಅವಳಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಸಿಗುತ್ತೆ ಅಲ್ವಾ ಎಂದು ಊರಲ್ಲಿ ಎಲ್ಲರೂ ಕೇಳಿದರು. ಸಿಗುವುದಿಲ್ಲ. 1983ರಿಂದ ಇಲ್ಲಿ ಬರೀ ಹುಟ್ಟಿದರೆ ಸಾಲದು. ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆ ಆಗಿರಬೇಕು, ಇಲ್ಲವೇ ಇಲ್ಲೇ ಕಾಯಂ ಇರಲು ಅನುಮತಿ ಪಡೆದಿರಬೇಕು. ನಮಗೆ ಎರಡೂ ಇರಲಿಲ್ಲ. ಪಾಸ್‌ಪೋರ್ಟ್ ಇಲ್ಲದೆ ಮಗುವಿಗೆ ವೀಸಾ ಇಲ್ಲ, ವೀಸಾ ಇಲ್ಲದೆ ಅಜ್ಜಿಯ ಮನೆಗೆ ಹೋಗಿ ವಾಪಸ್ ಬರುವಂತಿಲ್ಲ.

ಭಾರತವೋ ಕೊಲಂಬಿಯಾವೋ ಎಂದು ಮನೆಯಲ್ಲಿ ತುಂಬಾ ದಿನ ಮಾತಾಯಿತು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಕೊನೆಗೆ ಕೊಲಂಬಿಯಾ ಪಾಸ್‌ಪೋರ್ಟ್ ಮಾಡಿಸಿ, ಅದರ ಮೇಲೆ ಭಾರತದ ಓಸಿಐ ಕಾರ್ಡ್, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಲು ಕೊಡುವ ಕಾರ್ಡ್, ತೆಗೆದುಕೊಳ್ಳೋಣ ಎಂದು ತೀರ್ಮಾನಿಸಿದೆವು. ಇಲ್ಲಿ ಒಂದು ವಿಷಯ ಗೊತ್ತಿರಲಿ. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ, ಅಪ್ಪ ಕೊಲಂಬಿಯಾದವನು ಎಂದ ಮಾತ್ರಕ್ಕೆ ಆ ಪೌರತ್ವ ತಾನಾಗಿ ಬರುವುದಿಲ್ಲ. ಒಂದೋ ಕೊಲಂಬಿಯಾಕ್ಕೆ ಹೋಗಿ ನೆಲೆಸಬೇಕು, ಇಲ್ಲವೇ ಕಾನ್ಸುಲೇಟಿನಲ್ಲಿ, ಅಂದರೆ ಹೊರದೇಶದಲ್ಲಿರುವ ಕೊಲಂಬಿಯಾ ಸರ್ಕಾರದ ಕಚೇರಿಯಲ್ಲಿ, ಹೆಸರು ಬರೆಸಬೇಕು. ಅವರ 1991ರ ಸಂವಿಧಾನದ 96ನೇ ವಿಧಿ ಹಾಗೆ ಹೇಳುತ್ತದೆ. ಹೀಗೆ ಬರೆಸುವ ಜನನ ದಾಖಲೆಗೆ ಅವರು ರೆಹಿಸ್ತ್ರೊ ಸಿವಿಲ್ ಎನ್ನುತ್ತಾರೆ. ಪಾಸ್‌ಪೋರ್ಟ್ ಅದರ ನಂತರದ ಮಾತು.

ಮೊದಲು ಅಪಾಯಿಂಟ್‌ಮೆಂಟ್. ಸ್ಪ್ಯಾನಿಷ್‌ನಲ್ಲಿ ಅದಕ್ಕೆ 'ಸೀತಾ' ಅನ್ನುತ್ತಾರೆ, ನಿಜವಾಗಿ ಹಾಗೇ ಕೇಳುತ್ತದೆ. "ಸೀತಾ ಸಿಕ್ಕಿತು" ಎಂದು ಇವರು ಫೋನ್ ಮಾಡಿದಾಗ ಪಕ್ಕದಲ್ಲಿದ್ದ ನಮ್ಮಮ್ಮ, ಬಾಣಂತನಕ್ಕೆ ಬಂದಿದ್ದರು, "ಯಾರಮ್ಮ ಅದು?" ಎಂದರು. ಆಮೇಲೆ ಮನೆಯಲ್ಲಿ ನಾವೆಲ್ಲ ಅದನ್ನೇ ಹೇಳತೊಡಗಿದೆವು.

ಮೊದಲ ಸಲ ಕೆಲಸ ಆಗಲಿಲ್ಲ. ಇಂಗ್ಲೆಂಡಿನಲ್ಲಿ ಜನನ ಪತ್ರ ಎರಡು ತರಹ: ಚಿಕ್ಕದರಲ್ಲಿ ಮಗುವಿನ ವಿವರ ಮಾತ್ರ, ದೊಡ್ಡದರಲ್ಲಿ ಅಪ್ಪ ಅಮ್ಮನ ಹೆಸರೂ ಇರುತ್ತದೆ. ನಾವು ಚಿಕ್ಕದನ್ನು ಹಿಡಿದುಕೊಂಡು ಹೋಗಿದ್ದೆವು. ಅಪ್ಪನ ಹೆಸರೇ ಇಲ್ಲದ ಕಾಗದದಿಂದ ಅಪ್ಪನ ದೇಶದ ಪೌರತ್ವ ಹೇಗೆ ಕೊಡುತ್ತಾರೆ? ದೊಡ್ಡದನ್ನು ತರಿಸಿದೆವು. ಅದಕ್ಕೆ ಇಲ್ಲಿನ ವಿದೇಶಾಂಗ ಇಲಾಖೆಯಿಂದ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಬೇರೆ ದೇಶಕ್ಕೆ ದೃಢೀಕರಿಸುವ ಹಾಳೆ, ಬೇಕು, ಅಧಿಕೃತ ಭಾಷಾಂತರಕಾರರಿಂದ ಸ್ಪ್ಯಾನಿಷ್ ಅನುವಾದ ಬೇಕು. ಈ ಕ್ರಮ ಮುಖ್ಯ. ಮೊದಲು ಅಪೊಸ್ಟಿಲ್, ಆಮೇಲೆ ಅನುವಾದ, ಆಗ ಅಪೊಸ್ಟಿಲ್ ಹಾಳೆಯ ಮಾತೂ ಅನುವಾದದಲ್ಲಿ ಸೇರುತ್ತದೆ. ನಾವು ಹಿಡಿದಿದ್ದ ಅನುವಾದದ ಕಂಪನಿ ಇದನ್ನು ಹೇಳಲೇ ಇಲ್ಲ. ಉಲ್ಟಾ ಮಾಡಿಸಿ ಎರಡು ಸಲ ದುಡ್ಡು ಕೊಟ್ಟೆವು.

ಇನ್ನೊಂದು, ಮಗುವಿನ ರಕ್ತದ ಗುಂಪು. ಕೊಲಂಬಿಯಾದ ಜನನ ದಾಖಲೆಯಲ್ಲಿ ಅದು ಇರುತ್ತದೆ, ಆದರೆ ಇಲ್ಲಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಆ ಪರೀಕ್ಷೆ ಮಾಡುವುದಿಲ್ಲ. ನನ್ನದು ಒ ನೆಗೆಟಿವ್ ಆದ್ದರಿಂದ ಹೆರಿಗೆಯ ಹೊತ್ತಿನಲ್ಲೇ ಮಗುವಿನ ರಕ್ತ ನೋಡಿದ್ದರು. ಒಂದು ಪತ್ರ ಬರೆಸಿಕೊಂಡೆ, ಅಷ್ಟೇ. ನಮ್ಮ ಗೆಳತಿಯೊಬ್ಬಳು ಖಾಸಗಿ ಲ್ಯಾಬಿಗೆ ಹೋಗಿ ಪುಟ್ಟ ಕೂಸಿನ ಕೈಗೆ ಸೂಜಿ ಚುಚ್ಚಿಸಬೇಕಾಯಿತು. ಬಸಿರಿನಲ್ಲಿರುವಾಗಲೇ ಡಾಕ್ಟರನ್ನು ಕೇಳಿಡಿ.

ನನಗೆ ಜಾಸ್ತಿ ಹೇಳಬೇಕಿರುವುದು ಹೆಸರಿನ ಬಗ್ಗೆ. ಊರಲ್ಲಿ ನಾನು ಎಚ್. ಎನ್. ಅಂತಲೇ ಹೆಸರು ಬರೆದುಕೊಂಡು ಬೆಳೆದವಳು. ಎಚ್ ಅಂದರೆ ಹೊಸಹಳ್ಳಿ, ಎನ್ ಅಂದರೆ ಅಪ್ಪ ನಾಗರಾಜ್. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕಾದಾಗ ಸರ್‌ನೇಮ್ ಜಾಗದಲ್ಲಿ 'ಹೊಸಹಳ್ಳಿ ನಾಗರಾಜ್' ಎಂದು ಹಾಕಿಸಿದ್ದೆ. ಕೊಲಂಬಿಯಾದಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರು, ಅಪ್ಪನ ಮೊದಲನೆಯದು ಮತ್ತು ಅಮ್ಮನ ಮೊದಲನೆಯದು. 2021ರ ಕಾನೂನಿನ ಮೇಲೆ ಯಾವುದು ಮುಂದೆ ಎಂದು ತಂದೆ ತಾಯಿ ಒಪ್ಪಿ ಆರಿಸಬಹುದು. ಕಿಟಕಿಯ ಆಚೆ ಕೂತಿದ್ದ ಹೆಂಗಸು ನನ್ನ ಪಾಸ್‌ಪೋರ್ಟ್ ನೋಡಿ, ಇದರಲ್ಲಿ ಅಪ್ಪನ ಕಡೆಯದು ಯಾವುದು, ಅಮ್ಮನ ಕಡೆಯದು ಯಾವುದು ಎಂದು ಕೇಳಿದರು. ಒಂದು ನಮ್ಮ ಊರು, ಇನ್ನೊಂದು ನಮ್ಮಪ್ಪನ ಸ್ವಂತ ಹೆಸರು, ಮನೆತನದ ಹೆಸರು ಎರಡೂ ಅಲ್ಲ ಎಂದು ನಾನು ಹೇಳಿದ್ದನ್ನು ಇವರು ಸ್ಪ್ಯಾನಿಷ್‌ನಲ್ಲಿ ವಿವರಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡರು, ತಾಳ್ಮೆಯಿಂದ. ಆದರೂ ನಿಯಮ ನಿಯಮವೇ, ನನ್ನ ಮೊದಲ ಪದವೇ ಮಗಳಿಗೆ ಹೋಗುತ್ತದೆ. ಹಾಗೆ ನನ್ನ ಮಗಳು ಹೊಸಹಳ್ಳಿಯಾದಳು. ಅಪ್ಪನಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ನನ್ನ ಹೆಸರು ಬಿಟ್ಟು ಹೋಯಿತಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾರೇನೋ ಅಂದುಕೊಂಡಿದ್ದೆ. "ಊರು ಬಂತಲ್ಲ, ಬಿಡು" ಎಂದರು.

ತೊಂದರೆ ಎಲ್ಲಿ ಅಂದರೆ, ಇಂಗ್ಲೆಂಡಿನ ಜನನ ಪತ್ರದಲ್ಲಿ ನಾವು ಇವರ ಮನೆತನದ ಹೆಸರು ಒಂದನ್ನೇ ಬರೆಸಿದ್ದೆವು. ಕೊಲಂಬಿಯಾ ಪಾಸ್‌ಪೋರ್ಟಿನಲ್ಲಿ ಎರಡು ಬಂದವು. ಓಸಿಐ ಅರ್ಜಿಯ ಹೊತ್ತಿಗೆ ಎರಡೂ ಒಬ್ಬಳದೇ ಹೆಸರು ಎಂದು ಅಫಿಡವಿಟ್ ಕೊಡಬೇಕಾಯಿತು. ಮಗು ಹುಟ್ಟಿದ 42 ದಿನದೊಳಗೆ ಇಲ್ಲಿ ನೋಂದಣಿ ಮಾಡಿಸಬೇಕಲ್ಲ, ಆಗಲೇ ಎರಡೂ ಹೆಸರು ಬರೆಸಿಬಿಡಿ. ದಯವಿಟ್ಟು.

ಕಾನ್ಸುಲೇಟಿನಲ್ಲಿ ಹೆಸರು ಬರೆಸಿದ ದಿನ ಮಗಳ ಪಾದಕ್ಕೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿಸಿದರು. ಅವಳು ಕಾಲು ಒದರಿದ್ದಕ್ಕೆ ಒಂದು ಬೆರಳಿನ ಗುರುತು ಎಳೆದು ಹೋಗಿದೆ. ನೋಂದಣಿಗೆ ಶುಲ್ಕ ಇಲ್ಲ, ಪ್ರತಿಗೆ ಮತ್ತು ಪಾಸ್‌ಪೋರ್ಟಿಗೆ ಇದೆ. ಪ್ರತಿ ಎರಡು ಮೂರು ಜಾಸ್ತಿಯೇ ತೆಗೆದುಕೊಳ್ಳಿ. ಇವರು ಅದೇ ಭೇಟಿಯಲ್ಲಿ ಹಳೆಯ ಹಳದಿ ಸೆದುಲ, ಅಂದರೆ ಅವರ ಗುರುತಿನ ಚೀಟಿ, ಬದಲಾಯಿಸಿ ಹೊಸ ಡಿಜಿಟಲ್ ಕಾರ್ಡಿಗೆ ಬೆರಳಚ್ಚು ಕೊಟ್ಟು ಬಂದರು. ಕಾರ್ಡ್ ಬರುವವರೆಗೆ ಕೊಂತ್ರಸೆನ್ಯ ಎಂಬ ರಸೀದಿ ಕೊಡುತ್ತಾರೆ, ಅದನ್ನು ಕಳೆಯಬೇಡಿ.

ಮರುವರ್ಷ ಇವರೊಬ್ಬರೇ ಮಗಳನ್ನು ಬೊಗೊಟಾಗೆ ಕರೆದುಕೊಂಡು ಹೊರಟರು, ನನಗೆ ರಜೆ ಸಿಗಲಿಲ್ಲ. ಕೊಲಂಬಿಯಾದ ಮಗು ಆ ದೇಶದಿಂದ ಹೊರಡುವಾಗ ಅಪ್ಪ ಅಮ್ಮನಲ್ಲಿ ಒಬ್ಬರು ಜೊತೆಗಿಲ್ಲದಿದ್ದರೂ, ಜೊತೆಗಿಲ್ಲದವರ ಅನುಮತಿ ಪತ್ರ ಬೇಕು. ಎಲ್ಲಿಗೆ, ಯಾಕೆ, ಹೊರಡುವ ಮತ್ತು ಮರಳುವ ತಾರೀಕು, ಎಲ್ಲ ಅದರಲ್ಲಿರಬೇಕು. ಒಳಗೆ ಹೋಗುವಾಗ ಯಾರೂ ಕೇಳುವುದಿಲ್ಲ, ವಾಪಸ್ ಬರುವಾಗ ಕೇಳುತ್ತಾರೆ. ಅತ್ತೆ ಮೊದಲೇ ಎಚ್ಚರಿಸಿದ್ದರಿಂದ ಇನ್ನೊಂದು ಸೀತಾ ಹಿಡಿದು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೋಗಿ ಕಾನ್ಸುಲ್ ಎದುರು ಸಹಿ ಹಾಕಿ ಬಂದೆ. ಬೊಗೊಟಾ ವಿಮಾನ ನಿಲ್ದಾಣದಲ್ಲಿ ವಾಪಸ್ ಹೊರಡುವಾಗ ಮೊದಲು ಕೇಳಿದ ಕಾಗದ ಅದೇ ಎಂದು ಇವರು ಅಲ್ಲಿಂದಲೇ ಫೋನ್ ಮಾಡಿದರು.